ಸುಖನಿಗೆ ಆರಡಿ ಮಣ್ಣು ಕೊಟ್ಟವರು ಯಾರು?



ಇವತ್ತು ಜನವರಿ 12. ಬೆಳಗ್ಗೆ ಆಫೀಸಿನಲ್ಲಿ ವಿವೇಕಾನಂದರ ಫೋಟೋಗೆ ಹಾರ ಹಾಕಿದ್ವಿ. ರಾಷ್ಟ್ರೀಯ ಯುವ ದಿನ ಅಂತ ಸಾಹೇಬರು ಎರಡು ಮಾತಾಡಿದರು. ಒಂದೊಂದು ಲಾಡು ತಿಂದು ಎಲ್ಲರೂ ಅವರವರ ಟೇಬಲ್‌ಗೆ ಹೋದರು. ನನ್ನ ತಲೆಯಲ್ಲಿ ಮಾತ್ರ ಬೇರೆ ಒಬ್ಬ ಯುವಕ ಕೂತಿದ್ದ. 1915ರ ಇದೇ ಜನವರಿ 12ರಂದು ಇಂಗ್ಲೆಂಡಿನ ಒಂದು ಹಳ್ಳಿಯ ಮಿಲಿಟರಿ ಆಸ್ಪತ್ರೆಯಲ್ಲಿ ಸತ್ತವನು. ವಯಸ್ಸು 30. ಹೆಸರು ಸುಖ. ಊರು ಉತ್ತರ ಭಾರತದ ಬರೇಲಿ ಪಟ್ಟಣದ ಗಂಗಾಪುರ ಮೊಹಲ್ಲಾ. ಕೆಲಸ ಜಾಡಮಾಲಿ. ಜಾತಿ ಯಾವುದು ಅಂತ ಕೇಳ್ತೀರಾ? ನಮ್ಮ ದೇಶದಲ್ಲಿ ಕೆಲಸ ಹೇಳಿದ ಮೇಲೆ ಜಾತಿ ಬೇರೆ ಹೇಳಬೇಕಾ?

ಹೋದ ವಾರವಷ್ಟೇ ಜನವರಿ 1ರ ಕೋರೆಗಾಂವ್ ಸಭೆಗಳು ಮುಗಿದವು. ಆ ವಿಜಯಸ್ತಂಭದ ಮೇಲೆ ಹೆಸರಿನ ಕೊನೆಗೆ "ನಾಕ್" ಅಂತ ಇರುವ 22 ಮಹಾರ್ ಸೈನಿಕರನ್ನು ನಾವು ನೆನೀತೀವಿ. ಸರಿಯೇ. ಬಾಬಾಸಾಹೇಬರು 1927ರಲ್ಲಿ ಅಲ್ಲಿಗೆ ಹೋಗಿ ನಮಗೆ ಆ ದಾರಿ ತೋರಿಸಿದರು. ಆದರೆ ಬಂದೂಕು ಹಿಡಿಯೋದಕ್ಕೂ ಬಿಡದೆ, ಬರೀ ಪೊರಕೆ ಕೊಟ್ಟು ಯುದ್ಧಕ್ಕೆ ಕರ್ಕೊಂಡು ಹೋದ ನಮ್ಮವರನ್ನು ಯಾರು ನೆನೀತಾರೆ? ಅದಕ್ಕೇ ಇವತ್ತು ಸುಖನ ಬಗ್ಗೆ ಬರೀತಿದ್ದೀನಿ. ಸ್ವಲ್ಪ ಉದ್ದ ಆಗುತ್ತೆ. ಕೊನೇತನಕ ಓದಿ, ಯಾಕಂದ್ರೆ ಕೊನೆಯಲ್ಲಿ ನನ್ನದೇ ಒಂದು ತಪ್ಪು ಒಪ್ಪಿಕೊಳ್ಳೋದಿದೆ.

1914ರಲ್ಲಿ ಮೊದಲನೇ ಮಹಾಯುದ್ಧ ಶುರುವಾಯ್ತು. ಫ್ರಾನ್ಸಿನಲ್ಲಿ ಜರ್ಮನರನ್ನು ತಡೆಯೋಕೆ ಬ್ರಿಟಿಷರಿಗೆ ಜನ ಸಾಲಲಿಲ್ಲ. ಲಾಹೋರ್ ಡಿವಿಜನ್, ಮೀರತ್ ಡಿವಿಜನ್ ಅಂತ ಭಾರತದ ಸೇನೆಯನ್ನು ಹಡಗಿಗೆ ತುಂಬಿ ಕಳಿಸಿದರು. ಹಿಮ, ಕೆಸರು, ಕಂದಕದ ಯುದ್ಧ. ಸಾವಿರಾರು ಜನ ಗಾಯಗೊಂಡರು. ಅವರಿಗಾಗಿ ಇಂಗ್ಲೆಂಡಿನ ದಕ್ಷಿಣ ಭಾಗದಲ್ಲಿ ಆಸ್ಪತ್ರೆಗಳನ್ನು ತೆರೆದರು. ಅದರಲ್ಲಿ ಒಂದು ಬ್ರೋಕನ್‌ಹರ್ಸ್ಟ್ ಅನ್ನೋ ಹಳ್ಳಿಯ ಲೇಡಿ ಹಾರ್ಡಿಂಜ್ ಆಸ್ಪತ್ರೆ. ಆಗಿನ ವೈಸರಾಯ್ ಹಾರ್ಡಿಂಜ್ ಅವರ ತೀರಿಕೊಂಡ ಹೆಂಡತಿಯ ಹೆಸರು ಅದಕ್ಕೆ.

ಸೈನಿಕರ ಜೊತೆಗೆ ಹಡಗಿನಲ್ಲಿ ಇನ್ನೊಂದು ಸೈನ್ಯವೂ ಹೋಯ್ತು. ನೀರು ಹೊರುವ ಭಿಷ್ತಿ, ಕುದುರೆ ನೋಡ್ಕೊಳ್ಳುವವರು, ಗಾಯಾಳುಗಳ ಡೋಲಿ ಹೊರುವವರು, ಅಡುಗೆಯವರು, ಅಗಸರು, ಚಮ್ಮಾರರು, ಜಾಡಮಾಲಿಗಳು. ಇವರನ್ನು ಸೇನೆಯ ಭಾಷೆಯಲ್ಲಿ "ಫಾಲೋಯರ್ಸ್" ಅಂತಿದ್ರು. ನಮ್ಮ ಫೇಸ್‌ಬುಕ್ ಫಾಲೋಯರ್ಸ್ ಅಲ್ಲ ಸ್ವಾಮಿ, ಪಲ್ಟನ್ನಿನ ಹಿಂದೆ ಹಿಂದೆ ಹೋಗೋರು. ಆ ಯುದ್ಧಕ್ಕೆ ಭಾರತದಿಂದ ಸೇರಿಸಿಕೊಂಡವರಲ್ಲಿ ಹೀಗೆ ಬಂದೂಕು ಇಲ್ಲದವರೇ 5.5 ಲಕ್ಷಕ್ಕೂ ಹೆಚ್ಚು ಜನ. ಸಂಬಳ ಸಿಪಾಯಿಗಿಂತ ಕಡಿಮೆ, ಮರ್ಯಾದೆ ಅದಕ್ಕಿಂತ ಕಡಿಮೆ. ಅದರಲ್ಲೂ ಮೇಲು ಕೀಳು ಇತ್ತು. ಕಟ್ಟಕಡೆಗೆ ಇದ್ದವನು ಕಕ್ಕಸು ಬಳಿಯುವವನು. ಸುಖ ಆ ಕಟ್ಟಕಡೆಯವನು.

ಜಾತಿ ಸಮುದ್ರದಲ್ಲಿ ಮುಳುಗಿ ಹೋಗಲಿಲ್ಲ, ಹಡಗು ಹತ್ತಿ ಇಂಗ್ಲೆಂಡಿಗೂ ಬಂತು. ಬ್ರೈಟನ್ ಊರಿನ ಅರಮನೆಯನ್ನೂ ಭಾರತೀಯ ಸೈನಿಕರ ಆಸ್ಪತ್ರೆ ಮಾಡಿದ್ರು. ಅಲ್ಲಿ ಧರ್ಮಕ್ಕೆ, ಜಾತಿಗೆ ಬೇರೆ ಬೇರೆ ಅಂತ ಒಂಬತ್ತು ಅಡುಗೆಮನೆಗಳು. ಹಿಂದೂಗಳಿಗೆ ಒಂದು ನಲ್ಲಿ, ಮುಸ್ಲಿಮರಿಗೆ ಇನ್ನೊಂದು ನಲ್ಲಿ. ಕಸ ಗುಡಿಸೋಕೆ, ಕೊಳೆ ಎತ್ತೋಕೆ ಅಸ್ಪೃಶ್ಯರು. ಬ್ರಿಟಿಷರು ಇದನ್ನು "ಭಾರತೀಯರ ಭಾವನೆಗೆ ಕೊಟ್ಟ ಗೌರವ" ಅಂತ ಹೆಮ್ಮೆಯಿಂದ ಪ್ರಚಾರ ಮಾಡಿದ್ರು. ಯಾರ ಭಾವನೆ? ಪೊರಕೆ ಹಿಡಿದವನನ್ನು ಯಾರಾದರೂ ಕೇಳಿದ್ರಾ?

ಆ ಚಳಿಗಾಲದಲ್ಲಿ ಬ್ರೋಕನ್‌ಹರ್ಸ್ಟ್ ಆಸ್ಪತ್ರೆಯಲ್ಲಿ ಗಾಯಾಳುಗಳ ಸೇವೆ ಮಾಡ್ತಿದ್ದ ಸುಖನಿಗೆ ನ್ಯುಮೋನಿಯಾ ಆಯ್ತು. ಜನವರಿ 12ಕ್ಕೆ ಜೀವ ಹೋಯ್ತು. ಸತ್ತ ಮೇಲೆ ಶುರುವಾಯ್ತು ನೋಡಿ ನಿಜವಾದ ಸಮಸ್ಯೆ. ಈ ಹೆಣವನ್ನು ಏನು ಮಾಡೋದು?

ಇಂಗ್ಲೆಂಡಿನಲ್ಲಿ ಸತ್ತ ಹಿಂದೂ, ಸಿಖ್ ಸೈನಿಕರನ್ನು ಸುಡೋಕೆ ವ್ಯವಸ್ಥೆ ಇತ್ತು. ಬ್ರೈಟನ್ ಹತ್ತಿರದ ಪ್ಯಾಚಮ್ ಗುಡ್ಡದ ಮೇಲೆ 53 ಜನರನ್ನು ಅವರವರ ಧರ್ಮದ ಪ್ರಕಾರ ಸುಟ್ಟರು. ಅಲ್ಲಿ ಬಿಳಿ ಅಮೃತಶಿಲೆಯ ಛತ್ರಿ ಕಟ್ಟಿ 1921ರಲ್ಲಿ ಬ್ರಿಟಿಷ್ ಯುವರಾಜನೇ ಬಂದು ಉದ್ಘಾಟನೆ ಮಾಡಿದ. ಮುಸ್ಲಿಂ ಸೈನಿಕರಿಗೆ ವೋಕಿಂಗ್ ಊರಿನ ಮಸೀದಿಯ ಹತ್ತಿರ ಖಬರಸ್ಥಾನ ಆಯ್ತು. ಸುಖನಿಗೆ ಎಲ್ಲಿ? ಹಿಂದೂಗಳು ಒಪ್ಪಲಿಲ್ಲ, ಅವನು ಅಸ್ಪೃಶ್ಯ. ವೋಕಿಂಗ್ ಮಸೀದಿಯವರೂ ಒಪ್ಪಲಿಲ್ಲ, ಅವನು ಮುಸಲ್ಮಾನ ಅಲ್ಲ. ಹೀಗಂತ ಬ್ರೋಕನ್‌ಹರ್ಸ್ಟ್ ಊರಿನವರು ಇವತ್ತಿಗೂ ಹೇಳ್ತಾರೆ.

ಈ ಎರಡು ನಿರಾಕರಣೆಯನ್ನು ಒಂದೇ ತಕ್ಕಡಿಯಲ್ಲಿ ಹಾಕೋರು ಇದ್ದಾರೆ, "ನೋಡಿ, ಎಲ್ಲ ಧರ್ಮದವರೂ ಅಷ್ಟೇ" ಅಂತ. ನಾನು ಒಪ್ಪಲ್ಲ. ಮಸೀದಿಯವರು ಹೇಳಿದ್ದು "ಇವನು ನಮ್ಮ ಮತದವನಲ್ಲ" ಅಂತ. ಅದರಲ್ಲಿ ಕರುಣೆ ಇಲ್ಲದೆ ಇರಬಹುದು, ಸುಳ್ಳಿಲ್ಲ. ಆದರೆ ಜನಗಣತಿಯಲ್ಲಿ ತಲೆ ಎಣಿಸುವಾಗ ನಮ್ಮವನು ಅಂತ ಬರೆಸಿಕೊಂಡು, ಕಸ ಎತ್ತುವಾಗ ನಮ್ಮವನು ಅಂತ ಕೂಗಿ ಕರೆದು, ಚಿತೆಯ ಹತ್ತಿರ ಬಂದಾಗ ಮಾತ್ರ "ಇವನು ನಮ್ಮವನಲ್ಲ" ಅಂದದ್ದು ಯಾರು? ಆ ಪ್ರಶ್ನೆ 1915ರದ್ದು ಮಾತ್ರ ಅಲ್ಲ.

ಕೊನೆಗೆ ಜಾಗ ಕೊಟ್ಟವರು ಆ ಹಳ್ಳಿಯವರು. ಸೇಂಟ್ ನಿಕೋಲಸ್ ಚರ್ಚಿನ ಪಾದ್ರಿ ಆರ್ಥರ್ ಚೇಂಬರ್ಸ್ "ನಮ್ಮ ಚರ್ಚಿನ ಅಂಗಳದಲ್ಲೇ ಇವನನ್ನು ಮಣ್ಣು ಮಾಡೋಣ" ಅಂದರು. ಸಾವಿರ ವರ್ಷಕ್ಕಿಂತ ಹಳೆಯದಾದ ಒಂದು ದೊಡ್ಡ ಮರ ಇರುವ ಆ ಅಂಗಳದಲ್ಲಿ ಬರೇಲಿಯ ಜಾಡಮಾಲಿಗೆ ಗುಂಡಿ ತೋಡಿದರು. ಊರಿನವರು ದುಡ್ಡು ಹಾಕಿ ಕಲ್ಲು ನಿಲ್ಲಿಸಿದರು. ಅದರ ಮೇಲೆ ಅವನ ಹೆಸರು, ಅವನ ಮೊಹಲ್ಲಾ, ಅವನ ಊರು ಎಲ್ಲ ಇದೆ. ದೇಶ, ಮನೆ, ಸ್ನೇಹಿತರನ್ನು ಬಿಟ್ಟು ಬಂದ ಅಂತ ಇದೆ. ಮತದಿಂದ ಕ್ರೈಸ್ತನಲ್ಲ, ಆದರೂ ಬೇರೆಯವರಿಗೋಸ್ಕರ ಜೀವ ಕೊಟ್ಟ ಅಂತ ಇದೆ. ಆಮೇಲೆ ಅದೇ ಊರಿನಲ್ಲಿ ನ್ಯೂಜಿಲೆಂಡ್ ಸೈನಿಕರ ಆಸ್ಪತ್ರೆ ಆಯ್ತು. ಅಲ್ಲಿ ಸತ್ತ 90ಕ್ಕೂ ಹೆಚ್ಚು ನ್ಯೂಜಿಲೆಂಡ್ ಸೈನಿಕರೂ ಅದೇ ಅಂಗಳದಲ್ಲಿ ಇದ್ದಾರೆ. ಬದುಕಿದ್ದಾಗ ಯಾರ ಪಕ್ಕದಲ್ಲೂ ಕೂರೋಕೆ ಬಿಡದ ಮನುಷ್ಯ, ಸತ್ತ ಮೇಲೆ ಎಲ್ಲರ ಪಕ್ಕದಲ್ಲಿ ಮಲಗಿದ್ದಾನೆ.

ಇದನ್ನು ಮೊದಲು ಓದಿದಾಗ ನನಗೆ ಕಣ್ಣಲ್ಲಿ ನೀರು ಬಂತು. ಎರಡನೇ ಸಲ ಓದಿದಾಗ ಒಂದು ಪದ ಚುಚ್ಚಿತು. ಕಲ್ಲಿನ ಮೇಲೆ ಅವನು "ವಿನಮ್ರ ಸೇವಕ" ಅಂತ ಇದೆ. ಸೈನಿಕ ಅಂತ ಇಲ್ಲ. ಪ್ರೀತಿಯಿಂದಲೇ ಬರೆಸಿದ್ದಾರೆ, ಅನುಮಾನ ಇಲ್ಲ. ಆದರೆ ಅವನು ಸೇವಕ ಆಗಿದ್ದು ಅವನ ಸ್ವಭಾವದಿಂದ ಅಲ್ಲ, ಬಂದೂಕು ಯಾರಿಗೆ ಪೊರಕೆ ಯಾರಿಗೆ ಅಂತ ಜಾತಿ ಮೊದಲೇ ತೀರ್ಮಾನ ಮಾಡಿತ್ತು, ಸೇನೆ ಅದಕ್ಕೆ ಸೀಲು ಒತ್ತಿತ್ತು. ಅದಕ್ಕೆ ನಾನು ಸುಖನನ್ನು ಯೋಧ ಅಂತಲೇ ಕರೀತೀನಿ. ಗಾಯಾಳುಗಳ ಮಧ್ಯೆ, ರೋಗದ ಮಧ್ಯೆ ದಿನಾ ನಿಂತವನು ಯೋಧ ಅಲ್ಲದೆ ಇನ್ನೇನು? ಒಂದು ವಾರ್ಡಿನ ಗಲೀಜನ್ನು ಎರಡು ದಿನ ಯಾರೂ ಎತ್ತದೆ ಇದ್ದರೆ ಗುಂಡಿನಿಂದ ಬದುಕಿ ಬಂದವರು ಸೋಂಕಿನಿಂದ ಸಾಯ್ತಿದ್ರು. ಕೋವಿಡ್ ಟೈಮಲ್ಲಿ ನಮ್ಮ ಪೌರಕಾರ್ಮಿಕರನ್ನು ನೋಡಿದ ಮೇಲೂ ಇದು ಅರ್ಥ ಆಗಲ್ವಾ?

ಒಬ್ಬ ಸುಖನಿಗಾದರೂ ಕಲ್ಲು ಸಿಕ್ತು. ಉಳಿದವರಿಗೆ? ಯುದ್ಧದಲ್ಲಿ ಸತ್ತವರ ಸಮಾಧಿ ನೋಡ್ಕೊಳ್ಳೋಕೆ ಬ್ರಿಟಿಷರು 1917ರಲ್ಲಿ ಒಂದು ಆಯೋಗ ಮಾಡಿದ್ರು. ಸಾವಿನಲ್ಲಿ ಎಲ್ಲರೂ ಸಮಾನ, ಅಧಿಕಾರಿಗೂ ಸಿಪಾಯಿಗೂ ಒಂದೇ ಥರದ ಕಲ್ಲು ಅನ್ನೋದು ಅದರ ತತ್ವ. ಕೇಳೋಕೆ ಎಷ್ಟು ಚೆನ್ನಾಗಿದೆ! ಆದರೆ ಇರಾಕಿನ ಬಸ್ರಾ ಸ್ಮಾರಕದಲ್ಲಿ ಬಿಳಿಯ ಸೈನಿಕರ ಹೆಸರುಗಳನ್ನು ಕೆತ್ತಿ, ಭಾರತೀಯರಲ್ಲಿ ಅಧಿಕಾರಿಗಳ ಹೆಸರು ಮಾತ್ರ ಹಾಕಿದ್ರು. ಮಿಕ್ಕವರು ರೆಜಿಮೆಂಟಿನ ಹೆಸರಿನ ಕೆಳಗೆ ಒಂದು ಸಂಖ್ಯೆ, ಅಷ್ಟೇ. 2021ರ ಏಪ್ರಿಲ್‌ನಲ್ಲಿ ಅದೇ ಆಯೋಗ ತನ್ನದೇ ತನಿಖೆಯ ವರದಿ ಹೊರಗೆ ಹಾಕಿ ಕ್ಷಮೆ ಕೇಳಿತು. ಕನಿಷ್ಠ 1,16,000 ಜನ, ಬಹುಶಃ 3,50,000ದವರೆಗೂ, ಹೆಸರಿಲ್ಲದೆ ಅಥವಾ ಏನೂ ನೆನಪಿಲ್ಲದೆ ಹೋಗಿದ್ದಾರೆ ಅಂತ ಒಪ್ಪಿಕೊಂಡಿತು. ಹೆಚ್ಚಿನವರು ಆಫ್ರಿಕದವರು, ಈಜಿಪ್ಟಿನವರು. ಬಿಳಿಯರು ಬಣ್ಣ ನೋಡಿ ಹೆಸರು ಬಿಟ್ಟರು ಅಂತ ನಮ್ಮ ಪತ್ರಿಕೆಗಳೂ ಬರೆದವು. ನಾನು ಇನ್ನೊಂದು ಪ್ರಶ್ನೆ ಸೇರಿಸ್ತೀನಿ. ಹೀಗೆ ಬಿಟ್ಟುಹೋದ ಭಾರತೀಯರಲ್ಲಿ ಭಿಷ್ತಿಗಳೆಷ್ಟು, ಚಮ್ಮಾರರೆಷ್ಟು, ಜಾಡಮಾಲಿಗಳೆಷ್ಟು?

ನಮ್ಮ ಕರ್ನಾಟಕದ ವಿಷಯಕ್ಕೇ ಬನ್ನಿ. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣ ಗೆದ್ದ ಮೈಸೂರು ಲ್ಯಾನ್ಸರ್ಸ್ ಬಗ್ಗೆ ನಮಗೆ ಹೆಮ್ಮೆ ಇದೆ, ಇರಲಿ. ಬೆಂಗಳೂರಲ್ಲಿ ಅವರ ಸ್ಮಾರಕ ಇದೆ. ಆದರೆ ಕುದುರೆ ಸೈನ್ಯ ಅಂದಮೇಲೆ ಹುಲ್ಲು ಹಾಕಿದವನು, ಲದ್ದಿ ಬಾಚಿದವನು, ಜೀನು ಹೊಲಿದವನು ಇದ್ದೇ ಇರ್ತಾನಲ್ಲ. ಭಾಷಣಗಳಲ್ಲಿ ಅವನ ಸುದ್ದಿ ಒಮ್ಮೆಯಾದರೂ ಕೇಳಿದ್ದೀರಾ?

ಇಲ್ಲಿ ಇಬ್ಬರು ಸಂಗಾತಿಗಳು ತಕರಾರು ಎತ್ತೋದು ಗೊತ್ತು. ಒಬ್ಬರು ಹೇಳ್ತಾರೆ, "ಅಣ್ಣ, ಅದು ಸಾಮ್ರಾಜ್ಯಶಾಹಿ ಯುದ್ಧ. ಬ್ರಿಟಿಷರ ಲಾಭಕ್ಕೆ ಸತ್ತವನನ್ನು ನಾವು ಯಾಕೆ ನೆನೀಬೇಕು?" ಸುಖ ಬ್ರಿಟಿಷ್ ರಾಜನ ಮೇಲಿನ ಪ್ರೀತಿಗೆ ಹೋದನೋ, ಹೊಟ್ಟೆಪಾಡಿಗೆ ಹೋದನೋ ಹೇಳೋಕೆ ಅವನು ಒಂದು ಕಾಗದವನ್ನೂ ಬಿಟ್ಟು ಹೋಗಿಲ್ಲ. ಮನೆಯಲ್ಲಿ ಒಲೆ ಉರಿಯದವನಿಗೆ ಯುದ್ಧ ಆರಿಸಿಕೊಳ್ಳುವ ಸ್ವಾತಂತ್ರ್ಯ ಎಲ್ಲಿರುತ್ತೆ? ನಾನು ಯುದ್ಧವನ್ನು ಹೊಗಳ್ತಿಲ್ಲ. ಯುದ್ಧ ಯಾರದ್ದೇ ಆದರೂ ಅದರ ಕಕ್ಕಸು ಬಳಿದವನು ನಮ್ಮವನು ಅಂತ ಹೇಳ್ತಿದ್ದೀನಿ.

ಇನ್ನೊಬ್ಬರು ಹೇಳ್ತಾರೆ, "ಸೇನೆ ನಮಗೆ ಸ್ವಾಭಿಮಾನ ಕೊಟ್ಟಿದೆ, ಬಾಬಾಸಾಹೇಬರ ತಂದೆಯೇ ಸುಬೇದಾರರಾಗಿದ್ದರು, ನೀನು ಬರೀ ಅವಮಾನದ ಕತೆ ಹೇಳ್ತೀಯ." ಕೊಟ್ಟಿದೆ, ನಿಜ. ಅದರ ಜೊತೆಗೆ ಇದನ್ನೂ ನೆನಪಿಟ್ಟುಕೊಳ್ಳಿ. ಕೋರೆಗಾಂವ್‌ನಲ್ಲಿ ರಕ್ತ ಕೊಟ್ಟ ಮಹಾರರನ್ನು 1890ರ ದಶಕದಲ್ಲಿ "ಯುದ್ಧವೀರ ಜಾತಿ ಅಲ್ಲ" ಅಂತ ಸೇನೆಗೆ ಸೇರಿಸೋದನ್ನೇ ನಿಲ್ಲಿಸಿದರು. 1917ರಲ್ಲಿ ಜನ ಕಮ್ಮಿ ಬಿದ್ದಾಗ 111ನೇ ಮಹಾರ್ ಪಲ್ಟನ್ ಕಟ್ಟಿದರು, ಯುದ್ಧ ಮುಗಿದ ಮೇಲೆ ಬರ್ಖಾಸ್ತು ಮಾಡಿದರು. ಎರಡನೇ ಯುದ್ಧ ಬಂತು, ಬಾಬಾಸಾಹೇಬರು ಪಟ್ಟು ಹಿಡಿದರು, 1941ರಲ್ಲಿ ನಮ್ಮ ಬೆಳಗಾವಿಯಲ್ಲೇ ಮಹಾರ್ ರೆಜಿಮೆಂಟಿನ ಮೊದಲ ಬೆಟಾಲಿಯನ್ ಹುಟ್ಟಿತು. 1943ರಲ್ಲಿ ಚಮಾರ್ ರೆಜಿಮೆಂಟ್ ಕಟ್ಟಿದರು, ಅವರು ಕೊಹಿಮಾದಲ್ಲಿ ಜಪಾನಿಯರ ವಿರುದ್ಧ ಹೋರಾಡಿದರು, 1946ರಲ್ಲಿ ಅದನ್ನು ವಿಸರ್ಜನೆ ಮಾಡಿದರು. ಬೆಂಕಿ ಬಿದ್ದಾಗ ಬಾವಿ ತೋಡೋಕೆ ನಾವು ಬೇಕು, ನೀರು ಬಂದ ಮೇಲೆ ಬಾವಿ ಕಟ್ಟೆ ಹತ್ತೋ ಹಾಗಿಲ್ಲ. ಸ್ವಾಭಿಮಾನದ ಕತೆ ಹೇಳುವಾಗ ಇದನ್ನೂ ಹೇಳಬೇಕು.

"ಅದೆಲ್ಲ ಬ್ರಿಟಿಷರ ಕಾಲದ್ದು ಬಿಡ್ರಿ, ಈಗ ಸೈನಿಕರಿಗೆ ಜಾತಿ ಎಲ್ಲಿದೆ" ಅನ್ನೋರಿಗೆ 2016ರ ಜೂನ್ ನೆನಪು ಮಾಡ್ತೀನಿ. ಕಾಶ್ಮೀರದ ಪಾಂಪೋರ್‌ನಲ್ಲಿ ಸಿಆರ್‌ಪಿಎಫ್ ಬಸ್ಸಿನ ಮೇಲೆ ದಾಳಿ ಆಗಿ ಎಂಟು ಜನ ಸತ್ತರು. ಅದರಲ್ಲಿ ಒಬ್ಬರು ಉತ್ತರ ಪ್ರದೇಶದ ಫಿರೋಜಾಬಾದ್ ಜಿಲ್ಲೆಯ ವೀರ್ ಸಿಂಗ್, ನಟ್ ಸಮುದಾಯದವರು, ದಲಿತರು. ತ್ರಿವರ್ಣ ಧ್ವಜ ಹೊದಿಸಿದ ಪೆಟ್ಟಿಗೆ ಊರಿಗೆ ಬಂತು. ಅಂತ್ಯಕ್ರಿಯೆಗೆ, ಪ್ರತಿಮೆಗೆ ಸಾರ್ವಜನಿಕ ಜಾಗದಲ್ಲಿ ಹತ್ತು ಮೀಟರ್ ಉದ್ದ ಹತ್ತು ಮೀಟರ್ ಅಗಲ ಕೊಡಿ ಅಂತ ಮನೆಯವರು ಕೇಳಿದರು. ಊರಿನ ಕೆಲವು ಮೇಲ್ಜಾತಿಯವರು ಬೇಡ ಅಂದರು. ಅಧಿಕಾರಿಗಳು ಬಂದು ಗಂಟೆಗಟ್ಟಲೆ ಮಾತಾಡಿದ ಮೇಲೆ ಒಪ್ಪಿದರು. ಪತ್ರಿಕೆಗಳಲ್ಲಿ ಬಂದ ಸುದ್ದಿ ಇದು. 1915ರಿಂದ 2016ಕ್ಕೆ ನೂರಾ ಒಂದು ವರ್ಷ. ಬ್ರೋಕನ್‌ಹರ್ಸ್ಟ್‌ನಲ್ಲಿ ಕೇಳಿದ್ದೂ ಜಾಗ, ಇಲ್ಲಿ ಕೇಳಿದ್ದೂ ಜಾಗ.

ಈಗ ನನ್ನ ವಿಷಯ.

ನನ್ನ ಅಪ್ಪ ಸೈನಿಕನಲ್ಲ. ಬಾವಿ ತೋಡುವ, ಬದು ಹಾಕುವ ಕೂಲಿಯಾಳು. ಹನ್ನೊಂದು ವರ್ಷದ ಹಿಂದೆ ಆಷಾಢದ ಮಳೆಯಲ್ಲಿ ತೀರಿಕೊಂಡ. ನಮ್ಮ ಕೇರಿಯವರು ತಲೆಮಾರುಗಳಿಂದ ಮಣ್ಣು ಮಾಡ್ತಿದ್ದದ್ದು ಕೆರೆ ಅಂಗಳದ ಒಂದು ಅಂಚಿನಲ್ಲಿ. ಆ ವರ್ಷ ಕೆರೆ ತುಂಬಿತ್ತು. ಸ್ವಲ್ಪ ಎತ್ತರದ ಜಾಗಕ್ಕೆ ಹೋಗಬೇಕಾದರೆ ಒಬ್ಬರ ತೋಟದ ಬದುವಿನ ಮೇಲೆ ಹೋಗಬೇಕು. ತೋಟದವರು ಬೇಲಿ ತೆಗೆಯಲಿಲ್ಲ. "ಹೆಣ ಹೋದ ದಾರಿ ಅಂದ್ರೆ ನಾಳೆ ದಾರಿ ನಿಮ್ದೇ ಅಂತೀರಿ" ಅಂದರು. ಮೂರು ಗಂಟೆ ಅಪ್ಪನನ್ನು ಹೆಗಲ ಮೇಲಿಂದ ಇಳಿಸಿ, ಹತ್ತಿಸಿ, ಇಳಿಸಿ ನಿಂತಿದ್ವಿ. ತಮಟೆ ಬಡಿಯುವ ಚಿಕ್ಕಪ್ಪ ತಮಟೆಗೆ ಮಳೆ ಬೀಳದ ಹಾಗೆ ಟವೆಲ್ ಮುಚ್ಚಿಕೊಂಡು ನಿಂತಿದ್ದರು. ಕೊನೆಗೆ ನೀರಲ್ಲೇ ನಡೆದು ಹೋದ್ವಿ. ತೋಡಿದ ಗುಂಡಿಯಲ್ಲಿ ನೀರು ಒಸರುತ್ತಿತ್ತು. ಜೀವನಪೂರ್ತಿ ಬೇರೆಯವರ ಬಾವಿಯಲ್ಲಿ ನೀರು ಬರಿಸಿದ ಮನುಷ್ಯನಿಗೆ ನೀರಿಲ್ಲದ ಒಂದು ಗುಂಡಿ ಕೊಡೋಕೆ ನನ್ನ ಕೈಲಿ ಆಗಲಿಲ್ಲ.

ಆಮೇಲೆ ನಾನು ಒಂದು ಕಾನೂನು ಓದಿಕೊಂಡೆ. ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ತಂದ ತಿದ್ದುಪಡಿ, 2016ರ ಜನವರಿ 26ರಿಂದ ಜಾರಿಯಲ್ಲಿದೆ. ಪರಿಶಿಷ್ಟರು ಸ್ಮಶಾನವನ್ನು ಬೇರೆಯವರ ಸಮಕ್ಕೆ ಬಳಸೋದನ್ನು ತಡೆದರೆ ಅದು ಅಪರಾಧ ಅಂತ ಅದರಲ್ಲಿ ಸ್ಪಷ್ಟವಾಗಿದೆ. ಸ್ಮಶಾನ ಇಲ್ಲದ ಊರುಗಳಿಗೆ ಜಾಗ ಕೊಡಿ ಅಂತ ನಮ್ಮ ಹೈಕೋರ್ಟು ಕೂಡ ಸರ್ಕಾರಕ್ಕೆ ಹೇಳಿದೆ. ಕಾನೂನು ಇದೆ, ಆದೇಶ ಇದೆ. ಮತ್ತೆ ಎಲ್ಲಿ ನಿಂತಿದೆ? ಕಡತದಲ್ಲಿ. ಕಡತ ಎಲ್ಲಿದೆ? ನನ್ನಂಥ ಗುಮಾಸ್ತನ ಬೀರುವಿನಲ್ಲಿ.

ಒಪ್ಪಿಕೊಳ್ತೀನಿ ಅಂದೆನಲ್ಲ, ಇದೇ ಆ ತಪ್ಪು. ಹೋದ ಸೆಪ್ಟೆಂಬರಿನಲ್ಲಿ ಒಂದು ಊರಿನ ಕೇರಿಯವರ ಅರ್ಜಿ ನನ್ನ ಟೇಬಲ್‌ಗೆ ಬಂತು. ಗೋಮಾಳದಲ್ಲಿ 20 ಗುಂಟೆ ಸ್ಮಶಾನಕ್ಕೆ ಕೊಡಿ ಅಂತ. ಮೂವತ್ತೆರಡು ಹೆಬ್ಬೆಟ್ಟು, ಹದಿನೇಳು ಸಹಿ. ಸರ್ವೆ ಸ್ಕೆಚ್ ಲಗತ್ತಾಗಿರಲಿಲ್ಲ. "ಸ್ಕೆಚ್ ಇಲ್ಲ, ಪರಿಶೀಲಿಸಿ ಮಂಡಿಸುವುದು" ಅಂತ ಒಂದು ಸಾಲು ಬರೆದು ಕಟ್ಟಿಟ್ಟೆ. ಚುನಾವಣೆ ಪಟ್ಟಿ ಕೆಲಸ ಬಂತು, ಆಡಿಟ್ ಬಂತು. ನಾಲ್ಕು ತಿಂಗಳು. ಈ ಮಧ್ಯೆ ನಾನು ಡಿಸೆಂಬರ್ 6ಕ್ಕೆ ಮಾತಾಡಿದೆ, ಜನವರಿ 1ಕ್ಕೆ ನೀಲಿ ಶಾಲು ಹಾಕಿಕೊಂಡು ಮಾತಾಡಿದೆ. ಆ ಕೇರಿಯಲ್ಲಿ ಈ ನಾಲ್ಕು ತಿಂಗಳಲ್ಲಿ ಎಷ್ಟು ಜನ ಸತ್ತರೋ, ಎಲ್ಲಿ ಮಣ್ಣು ಮಾಡಿದರೋ ನನಗೆ ಗೊತ್ತಿಲ್ಲ. ಕೇಳೋಕೂ ಹೋಗಿರಲಿಲ್ಲ. ಅಪ್ಪನ ಗುಂಡಿಯಲ್ಲಿ ನೀರು ನೋಡಿದ ಮಗನೇ ಹೀಗೆ ಮಾಡಿದರೆ ಬೇರೆಯವರನ್ನು ಏನಂತ ಬೈಯಲಿ?

ಇವತ್ತು ಲಾಡು ತಿಂದು ಬಂದು ಆ ಕಡತ ಹೊರಗೆ ತೆಗೆದೆ. ಸರ್ವೆಯವರಿಗೆ ನಾನೇ ಹೋಗಿ ಪತ್ರ ಕೊಟ್ಟು, ಸ್ಕೆಚ್‌ಗೆ ದಿನ ಗೊತ್ತು ಮಾಡಿಸಿಕೊಂಡು ಬಂದೆ. ಅರ್ಜಿಯಲ್ಲಿದ್ದ ನಂಬರಿಗೆ ಫೋನ್ ಮಾಡಿ "ತಡ ಆಯ್ತು, ತಪ್ಪು ನಂದು" ಅಂದೆ. ಆ ಕಡೆಯಿಂದ ಒಬ್ಬ ಹಿರಿಯರು, "ಪರವಾಗಿಲ್ಲ ಸ್ವಾಮಿ, ನಾವು ಕಾಯೋದು ಹೊಸದಾ" ಅಂದರು. ಬೈದಿದ್ದರೆ ಚೆನ್ನಾಗಿರ್ತಿತ್ತು.

ಬಂಧುಗಳೇ, ಜನವರಿ 15ಕ್ಕೆ ಸೇನಾ ದಿನ ಬರುತ್ತೆ, 26ಕ್ಕೆ ಗಣರಾಜ್ಯೋತ್ಸವ. ಸ್ಟೇಟಸ್ ತುಂಬಾ ಹುತಾತ್ಮರಿಗೆ ನಮನ ಇರುತ್ತೆ. ನಮಸ್ಕಾರ ಹಾಕಿ, ಬೇಡ ಅನ್ನಲ್ಲ. ಜೊತೆಗೆ ಒಂದು ಕೆಲಸ ಮಾಡಿ. ನಿಮ್ಮ ಊರಿನಲ್ಲಿ, ನಿಮ್ಮ ಕೇರಿಯವರನ್ನು ಎಲ್ಲಿ ಮಣ್ಣು ಮಾಡ್ತಾರೆ ಅಂತ ಕೇಳಿ. ಆ ಜಾಗದ ಪಹಣಿ ತೆಗೆಸಿ ನೋಡಿ, ಅದರಲ್ಲಿ ಸ್ಮಶಾನ ಅಂತ ಇದೆಯಾ, ಬೇರೆ ಯಾರ ಹೆಸರಾದರೂ ಕೂತಿದೆಯಾ. ಅಲ್ಲಿಗೆ ಹೋಗೋಕೆ ನಕಾಶೆಯಲ್ಲಿ ದಾರಿ ಇದೆಯಾ. ಒತ್ತುವರಿ ಆಗಿದ್ದರೆ, ಜಾಗವೇ ಇಲ್ಲದಿದ್ದರೆ ತಹಶೀಲ್ದಾರರಿಗೆ ಅರ್ಜಿ ಕೊಟ್ಟು ಸ್ವೀಕೃತಿ ನಂಬರ್ ಬರೆದಿಟ್ಟುಕೊಳ್ಳಿ. ತಿಂಗಳು ಬಿಟ್ಟು ಹೋಗಿ ಗುಮಾಸ್ತನನ್ನು ಹೆಸರು ಹಿಡಿದು ಕೇಳಿ. ಅವನು ನಮ್ಮವನೇ ಆಗಿದ್ದರೆ ಇನ್ನೂ ಜೋರಾಗಿ ಕೇಳಿ. ನಕಾಶೆ ನೋಡೋದು ಗೊತ್ತಾಗದಿದ್ದರೆ ನನಗೆ ಇನ್‌ಬಾಕ್ಸ್ ಮಾಡಿ, ಆಫೀಸ್ ಟೈಮ್ ಮುಗಿದ ಮೇಲೆ ಕೂತು ನೋಡೋಣ.

ನಾಳೆ ನಮ್ಮ ಕೇರಿಯಿಂದಲೇ ಒಬ್ಬ ಹುಡುಗ ಗಡಿಗೆ ಹೋಗಿ ಪೆಟ್ಟಿಗೆಯಲ್ಲಿ ವಾಪಸ್ ಬರಬಹುದು. ಹಾಗಾಗದೆ ಇರಲಿ. ಬಂದರೆ, ಅವನ ಅಪ್ಪ ಅಮ್ಮ ಯಾರ ಬೇಲಿಯ ಮುಂದೆಯೂ ಕೈಮುಗಿದು ನಿಲ್ಲಬಾರದು. ಬಾವಿ ತೋಡುವ ಕೂಲಿ ಸತ್ತರೂ ನಿಲ್ಲಬಾರದು. ಗೊತ್ತುಗುರಿ ಇಲ್ಲದ ಹಳ್ಳಿಯವರು ಬರೇಲಿಯ ಒಬ್ಬ ಜಾಡಮಾಲಿಗೆ ಕೊಟ್ಟ ಜಾಗವನ್ನು, ನಮ್ಮ ಊರು ನಮಗೆ ಕೊಡಲಿ.

ಸುಖನಿಗೆ ನೀಲಿ ವಂದನೆ.

ಜೈ ಭೀಮ್.